ಮೂರನೆಯ ಸರದಿ

ಮಾರ್ಚ್ ೨

ಮಾನ್ಯ ಸಂಚಾಲಕಿಯವರಿಗೆ,

ಕಳೆದ ಭಾನುವಾರ ಬೆಳಗ್ಗೆ ನಿಮ್ಮ ಹವ್ಯಾಸಿ ರೇಡಿಯೊ ಬಳಗದ ಹಾಜರಿ ಕೂಗುವಾಗ ಮೂರನೆಯ ಸರದಿಯಲ್ಲಿ ಉತ್ತರ ಕೊಟ್ಟವನು ನಾನು. "ಯಾರೋ ಸ್ವಿಚ್ ಒತ್ತಿ ಸುಮ್ಮನೆ ಕೂತಿದ್ದಾರೆ, ಮಾತೇ ಇಲ್ಲ" ಎಂದು ಹೇಳಿ ನೀವು ನಾಲ್ಕನೆಯವರನ್ನು ಕರೆದಿರಿ. ನಾನು ಸುಮ್ಮನೆ ಕೂತಿರಲಿಲ್ಲ. ಎದ್ದು ನಿಂತು, ಪೂರ್ಣ ವಾಕ್ಯಗಳಲ್ಲಿ, ಸ್ಪಷ್ಟವಾಗಿ ಮಾತನಾಡುತ್ತಿದ್ದೆ. ಇದನ್ನು ದಾಖಲಿಸುವುದು ಈ ಪತ್ರದ ಮೊದಲ ಉದ್ದೇಶ.

ಎರಡನೆಯ ಉದ್ದೇಶ ಸರದಿಯ ಹಕ್ಕಿನ ಪ್ರಶ್ನೆ. ಮೂರನೆಯ ಸರದಿ ನನ್ನ ಮಗಳದು. ಜಲಮಂಡಳಿಯ ಪಂಪ್‌ಹೌಸಿನಲ್ಲಿ ಎಂಜಿನಿಯರಾಗಿದ್ದ ಅವಳು ಗುಜರಿಯಿಂದ ತಂದ, ಗಾಜಿನ ವಾಲ್ವುಗಳ ಹಳೆಯ ಟ್ರಾನ್ಸ್‌ಮಿಟರನ್ನು ತಾನೇ ಬಿಚ್ಚಿ ಕಟ್ಟಿ, ಅದರಿಂದಲೇ ನಿಮ್ಮೊಂದಿಗೆ ಎಂಟು ವರ್ಷ ಮಾತನಾಡಿದಳು. ಕಳೆದ ಏಪ್ರಿಲ್ ಕೊನೆಯಲ್ಲಿ, ಸಣ್ಣದೆಂದು ಎಲ್ಲರೂ ಭಾವಿಸಿದ್ದ ಕಾಯಿಲೆಯಲ್ಲಿ ತೀರಿಕೊಂಡಳು. ನಿಮ್ಮ ಬಳಗದ ಸಂತಾಪ ಪತ್ರ ತಲುಪಿತ್ತು. ಉತ್ತರಿಸಿರಲಿಲ್ಲ. ಉತ್ತರಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಒಂದು ವರ್ಷ ಉತ್ತರ ಬಾರದ ಸರದಿಯನ್ನು ಪಟ್ಟಿಯಿಂದ ತೆಗೆದು ಮುಂದಿನವರನ್ನು ಮೇಲಕ್ಕೆ ಸರಿಸುವುದು ನಿಮ್ಮ ನಿಯಮವೆಂದು ತಿಳಿದಿದ್ದೇನೆ. ನನ್ನ ವಾದ ಇಷ್ಟು: ಸರದಿ ಸೇರಿದ್ದು ಯಂತ್ರಕ್ಕೆ, ವ್ಯಕ್ತಿಗಲ್ಲ. ನಿಮ್ಮ ಐದನೆಯ ಸರದಿ ಗಡಿಯಾರ ರಿಪೇರಿಯವರಿಂದ ಅವರ ಅಳಿಯನಿಗೆ, ಅದೇ ಸೆಟ್ಟಿನ ಜೊತೆಗೆ, ದಾಟಿದ್ದನ್ನು ನೀವೇ ಒಪ್ಪಿದ್ದೀರಿ. ಚಳಿಗಾಲದಲ್ಲಿ ನಾನು ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದಿದ್ದೇನೆ. ಯಂತ್ರ ಅದೇ. ಕೋಣೆಯೂ ಅದೇ. ಆದ್ದರಿಂದ ಸರದಿಯೂ ಅದೇ ಆಗತಕ್ಕದ್ದು.

ನಾನು ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಪರೀಕ್ಷಕ. ಫೋನಿನಲ್ಲಿ ವಾದಿಸುವುದು ನನಗೆ ಒಗ್ಗದು. ಬರೆದು ತಿಳಿಸಿ.

ಮೂರನೆಯ ಸರದಿಯವಳ ತಂದೆ


ಮಾರ್ಚ್ ೧೧

ಪರೀಕ್ಷಕರಿಗೆ ನಮಸ್ಕಾರ.

ನಿಮ್ಮ ಪತ್ರವನ್ನ ಎರಡು ಸಲ ಓದಿದೆ. ಮೊದಲ ಸಲ ಕೋರ್ಟಿನಿಂದ ಬಂದಿದೆ ಅಂದುಕೊಂಡೆ. ನನ್ನನ್ನ ಬಳಗದಲ್ಲಿ ಎಲ್ಲರೂ 'ಅತ್ತೆ' ಅಂತಾರೆ, ನೀವೂ ಹಾಗೇ ಅಂದುಕೊಳ್ಳಿ. ಮೂವತ್ತು ವರ್ಷ ಸಿನಿಮಾ ಟಾಕೀಸಿನಲ್ಲಿ ಸೌಂಡ್ ನೋಡಿಕೊಂಡವಳು. ಹೀರೊ ಬಾಯಿ ಆಡಿಸಿ ಮಾತು ಕೇಳದಿದ್ದರೆ ಜನ ನನ್ನನ್ನೇ ಬೈಯೋರು. ಹಾಗಾಗಿ ನಿಮ್ಮ ಕಷ್ಟ ಗೊತ್ತು.

ವಾದ ಒಪ್ಪಿದೆ. ಐದನೆಯವರ ಉದಾಹರಣೆ ಎತ್ತಿದಿರಲ್ಲ, ಅಲ್ಲೇ ನೀವು ಗೆದ್ದಿರಿ. ಆದರೆ ಇನ್ನೊಂದು ನಿಯಮ ಇದೆ. ಬಳಗದಲ್ಲಿ ಎಲ್ಲರಿಗಿಂತ ದೂರ ಇರೋರು ಸಮುದ್ರದ ಮಧ್ಯದ ಲೈಟ್‌ಹೌಸಿನವರು. ಅವರಿಗೆ ಎರಡನೇ ಸಲ ಕೇಳದೆ ಮಾತು ಅರ್ಥ ಆಗಬೇಕು, ಆಗ ಮಾತ್ರ ಹಾಜರಿ. ಏಪ್ರಿಲ್ ಕೊನೆ ಭಾನುವಾರದ ತನಕ ಸರದಿ ತೆರೆದಿಟ್ಟಿರ್ತೀನಿ. ಅದಕ್ಕಿಂತ ಮುಂದೆ ನನ್ನ ಕೈಲೂ ಇಲ್ಲ.

ಈಗ ರೋಗದ ವಿಷಯ. ಕ್ಯಾರಿಯರ್ ಅಂದರೆ ಮಾತು ಹೊತ್ತು ತರೋ ಅಲೆ, ಲಾರಿ ಇದ್ದ ಹಾಗೆ. ಮಾಡ್ಯುಲೇಷನ್ ಅಂದರೆ ಅದರ ಮೇಲೆ ಹೇರಿದ ಸರಕು. ನಿಮ್ಮ ಲಾರಿ ಭರ್ಜರಿಯಾಗಿ ನಮ್ಮ ಮನೆ ಮುಂದೆ ಬಂದು ನಿಲ್ತು. ಟಾರ್ಪಾಲು ಎತ್ತಿ ನೋಡಿದರೆ ಒಳಗೆ ಏನೂ ಇಲ್ಲ. ಸರಕು ಹೇರೋ ಮಾಡ್ಯುಲೇಟರ್ ವಾಲ್ವ್ ಎರಡೂ ಮುದಿಯಾಗಿರಬೇಕು. ನಮ್ಮ ಪೀಪಿ ಹತ್ತಿರ ಹೊಸ ಜೋಡಿ ಇತ್ತು, ಹುಡುಕಿ ಹಾಕಿ.

ಒಳಗೆ ಕೈ ಹಾಕೋ ಮೊದಲು ಪ್ಲಗ್ ಕಿತ್ತು, ಅರ್ಥ್ ಕಟ್ಟಿದ ಕಡ್ಡಿ ಮುಟ್ಟಿಸಿ ಒಳಗಿನ ಕರೆಂಟು ಪೂರ್ತಿ ಇಳಿಸಿ. ಒಂದು ಕೈ ಬೆನ್ನ ಹಿಂದೆ ಇರಲಿ. ಅದು ಎಂಟುನೂರು ವೋಲ್ಟು, ನಿಮ್ಮ ಪದವಿ ಕೇಳಲ್ಲ.

ಅತ್ತೆ


ಮಾರ್ಚ್ ೧೯

ಸಂಚಾಲಕಿಯವರಿಗೆ,

ಒಂದು ಕೈಯನ್ನು ಬೆನ್ನ ಹಿಂದೆ ಇಡುವುದು ನನಗೆ ಹೊಸದಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ನಿಲ್ಲುತ್ತಿದ್ದದ್ದೇ ಹಾಗೆ.

ನನ್ನ ಮಗಳನ್ನು ನೀವು 'ಪೀಪಿ' ಎಂದು ಕರೆಯುವುದನ್ನು ಗಮನಿಸಿದೆ. ಅವಳ ಧ್ವನಿ ತೆಳುವಾಗಿದ್ದದ್ದು ನಿಜ. ಅಡ್ಡಹೆಸರಿಗೆ ಅದು ಸಾಕಷ್ಟು ಕಾರಣವಲ್ಲ.

ವಾಲ್ವುಗಳನ್ನು ಬದಲಿಸುವ ಮುನ್ನ ಮೀಟರನ್ನು ಪರೀಕ್ಷಿಸಿದೆ. ತಕ್ಕಡಿಯನ್ನು ಪರೀಕ್ಷಿಸದೆ ಅಂಗಡಿಯವನನ್ನು ತಪ್ಪಿತಸ್ಥನೆಂದು ನಾನು ಎಂದೂ ಬರೆದವನಲ್ಲ. ಮೀಟರು ಸರಿಯಿದೆ. ಹೊಸ ಜೋಡಿಯನ್ನು ಹಾಕಿದೆ; ವ್ಯತ್ಯಾಸವಿಲ್ಲ. ಹಳೆಯ ಜೋಡಿಯನ್ನೇ ಹಿಂದಿರುಗಿಸಿದೆ, ಆಗಲೂ ವ್ಯತ್ಯಾಸವಿಲ್ಲ. ನಿಮ್ಮ ಮೊದಲ ಆರೋಪ ಬಿದ್ದುಹೋಯಿತು.

ಯಂತ್ರದ ಅಡಿಭಾಗವನ್ನು ದೀಪ ಹಿಡಿದು ಪೂರ್ತಿ ನೋಡಿದ್ದೇನೆ. ಕೆಲಸ ಅಚ್ಚುಕಟ್ಟಾಗಿದೆ. ಬೆಸುಗೆಗಳು ಒಂದೇ ಅಳತೆಯವು. ಅವಳ ಕೆಲಸದಲ್ಲಿ ಹೇಳುವಂಥ ದೋಷವೇನೂ ಕಾಣಲಿಲ್ಲ. ಆದ್ದರಿಂದ ದೋಷವನ್ನು ಯಂತ್ರದ ವಯಸ್ಸಿನಲ್ಲಿ ಹುಡುಕೋಣ, ಕಟ್ಟಿದವಳಲ್ಲಿ ಅಲ್ಲ. ಅವಳು ಹಾಕಿದ ಯಾವ ಭಾಗವನ್ನೂ ನಾನು ತೆಗೆಯುವುದಿಲ್ಲವೆಂದು ಮೊದಲೇ ತಿಳಿಸಿಬಿಡುತ್ತೇನೆ.

ಮುಂದಿನ ಪರೀಕ್ಷೆ ಯಾವುದು?

ಮೂರನೆಯ ಸರದಿಯವಳ ತಂದೆ


ಮಾರ್ಚ್ ೨೬

ಪರೀಕ್ಷಕರೇ,

ನಾನು ಯಾರ ಮೇಲೂ ಆರೋಪ ಹೊರಿಸಿಲ್ಲ, ವಾಲ್ವ್ ಮೇಲೆ ಮಾತ್ರ. ಅದಕ್ಕೆ ಬೇಜಾರಾಗಿರಲಿಕ್ಕಿಲ್ಲ ಬಿಡಿ.

ಬಲ್ಬ್ ಪರೀಕ್ಷೆ ಮಾಡಿ. ಏರಿಯಲ್ ತಂತಿ ಬಿಚ್ಚಿ, ಅದರ ಜಾಗಕ್ಕೆ ಮನೆಯ ಒಂದು ಸಾಧಾರಣ ಬಲ್ಬ್ ಕಟ್ಟಿ. ಸ್ವಿಚ್ ಒತ್ತಿದಾಗ ಅದು ಹದವಾಗಿ ಉರಿಯಬೇಕು. ಮೈಕಿನಲ್ಲಿ ಮಾತಾಡಿದ ಹಾಗೆಲ್ಲ ಇನ್ನೂ ಬೆಳಗಬೇಕು. ಬೆಳಗಿದರೆ ಸರಕು ಏರ್ತಿದೆ ಅಂತ ಅರ್ಥ. ಮಾತಾಡಿದಾಗ ಮಂಕಾದರೆ ಎಲ್ಲೋ ಹೊರೆ ಜಾಸ್ತಿಯಾಗಿ ಯಂತ್ರ ಕುಸೀತಿದೆ ಅಂತ. ಏನೂ ಆಗದಿದ್ದರೆ ಮಾತು ಒಳಗೇ ಹೋಗ್ತಿಲ್ಲ.

ಎರಡು ಮಾತು ಮಾತಾಡಿ ಸಾಕು, ಭಾಷಣ ಬೇಡ. ಬಲ್ಬ್ ಚಪ್ಪಾಳೆ ತಟ್ಟಲ್ಲ.

ಅತ್ತೆ


ಏಪ್ರಿಲ್ ೪

ಸಂಚಾಲಕಿಯವರಿಗೆ,

ಪರೀಕ್ಷೆಯ ವರದಿ ಈ ಕೆಳಗಿನಂತಿದೆ.

ಸಾಧಾರಣ ಧ್ವನಿಯಲ್ಲಿ ಮಾತನಾಡಿದಾಗ ಬಲ್ಬು ಕದಲಲಿಲ್ಲ. ಧ್ವನಿ ಏರಿಸಿದೆ, ತುಸು ನಡುಗಿತು. ಧ್ವನಿವರ್ಧಕವಿಲ್ಲದ ಸಭಾಂಗಣದಲ್ಲಿ ಕೊನೆಯ ಬೆಂಚಿಗೆ ಕೇಳಿಸುವಂತೆ ಮಾತನಾಡಲು ನಮಗೆ ಕಲಿಸಿದ್ದರು. ಹಾಗೆ ಮಾತನಾಡಿದೆ. ಬಲ್ಬು ಮಂಕಾಯಿತು. ಇನ್ನೂ ಏರಿಸಿದೆ, ಇನ್ನೂ ಮಂಕಾಯಿತು. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಬಳಗ ಕೇಳದ್ದನ್ನು ಅವರಾದರೂ ಕೇಳಿದರು.

ಈ ಹಂತದಲ್ಲಿ ನನ್ನ ಪತ್ನಿ ಬಾಗಿಲಲ್ಲಿ ನಿಂತು, "ಊಟ ಆರಿಹೋಗ್ತಿದೆ ರೀ, ಎಷ್ಟು ಹೊತ್ತು ಅದರ ಜೊತೆ ಜಗಳ ಆಡ್ತೀರಿ?" ಎಂದಳು. ಬಲ್ಬು ಬೆಳಗಿತು. ಚೆನ್ನಾಗಿಯೇ ಬೆಳಗಿತು. ಆಕಸ್ಮಿಕವಿರಬಹುದೆಂದು ಇನ್ನೊಮ್ಮೆ ಹೇಳಲು ಕೋರಿದೆ. "ಊಟಕ್ಕೆ ಕರೆದರೆ ಮತ್ತೆ ಕರಿ ಅಂತೀರಲ್ಲ" ಎಂದಳು. ಮತ್ತೆ ಬೆಳಗಿತು. ಅವಳು ನಿಂತದ್ದು ಮೈಕಿನಿಂದ ನಾಲ್ಕು ಮಾರು ದೂರ; ನಾನು ಒಂದು ಗೇಣು.

ಅವಳು ಈ ಕೋಣೆಯ ಬಾಗಿಲವರೆಗೆ ಬಂದದ್ದು ಈ ಒಂದು ವರ್ಷದಲ್ಲಿ ಇದೇ ಮೊದಲು. ಅದು ಪರೀಕ್ಷೆಗೆ ಸಂಬಂಧಿಸಿದ ವಿಷಯವಲ್ಲ.

ಒಂದೇ ಯಂತ್ರ ಒಬ್ಬರ ಮಾತನ್ನು ಒಪ್ಪಿ ಇನ್ನೊಬ್ಬರ ಮಾತನ್ನು ತಳ್ಳಿಹಾಕುವುದಕ್ಕೆ ತಾಂತ್ರಿಕ ಕಾರಣ ಇರಲೇಬೇಕು. ತಿಳಿಸಿ.

ಮೂರನೆಯ ಸರದಿಯವಳ ತಂದೆ


ಏಪ್ರಿಲ್ ೯

ಪರೀಕ್ಷಕರೇ,

ಕಾರಣ ಬಿಡಿ, ಅದು ಹಳೇ ಯಂತ್ರ. ಹಳೇ ಯಂತ್ರಗಳಿಗೆ ಕೆಲವರ ಧ್ವನಿ ಹಿಡಿಸಲ್ಲ. ನಮ್ಮ ಟಾಕೀಸಿನ ಆಂಪ್ಲಿಫೈಯರ್ ಹಾಗೇ ಇತ್ತು, ಮ್ಯಾನೇಜರ್ ಬಂದ ದಿನ ಬೇಕಂತಲೇ ಗೊರಗೊರ ಅನ್ನೋದು.

ಸುಲಭದ ದಾರಿ ಎರಡಿದೆ. ಒಂದು, ಅಮ್ಮನವರೇ ಮಾತಾಡಲಿ. ಪರವಾನಗಿ ಇರೋ ನೀವು ಪಕ್ಕದಲ್ಲಿ ಕೂತು ಸ್ವಿಚ್ ಹಿಡಿದರೆ ಸಾಕು. ಇಲ್ಲದಿದ್ದರೆ ನನ್ನ ಮೈಕ್ ಪಾರ್ಸೆಲ್ ಮಾಡ್ತೀನಿ, ಅದು ದಪ್ಪ ಧ್ವನಿಯನ್ನ ಸ್ವಲ್ಪ ಎತ್ತಿ ಕೊಡುತ್ತೆ. ಯಂತ್ರದ ಒಳಗೆ ಇನ್ನು ಕೆದಕೋದು ಬೇಡ. ದಿನವೂ ಜಾಸ್ತಿ ಉಳಿದಿಲ್ಲ.

ಅಮ್ಮನವರಿಗೆ ನನ್ನ ನಮಸ್ಕಾರ ಹೇಳಿ. ಬಾಗಿಲ ಒಳಗೂ ಬರಲಿ.

ಅತ್ತೆ


ಏಪ್ರಿಲ್ ೧೪

ಸಂಚಾಲಕಿಯವರಿಗೆ,

ನಿಮ್ಮ ಪತ್ರದಲ್ಲಿ ಮೂರು ಅಸಂಗತಿಗಳಿವೆ.

ಮೊದಲ ಪತ್ರದಿಂದ ಯಂತ್ರದ ಒಳಗನ್ನೇ ನೋಡಲು ಹೇಳುತ್ತಿದ್ದವರು, ದೋಷ ಕೈಗೆ ಸಿಗುವಷ್ಟು ಹತ್ತಿರ ಬಂದಾಗ ಕೆದಕಬೇಡಿ ಎನ್ನುತ್ತೀರಿ. ಸೌಂಡಿನಲ್ಲಿ ಮೂವತ್ತು ವರ್ಷ ಕಳೆದವರು 'ಧ್ವನಿ ಹಿಡಿಸಲ್ಲ' ಎಂಬುದನ್ನು ಕಾರಣವೆಂದು ಕೊಡುತ್ತೀರಿ. ಅಲ್ಲದೆ, ನನ್ನ ಧ್ವನಿ ದಪ್ಪವೆಂದು ನಾನು ಎಲ್ಲಿಯೂ ಬರೆದಿಲ್ಲ. ನನ್ನ ಮಾತು ನಿಮಗೆ ಈವರೆಗೆ ಕೇಳಿಸಿಯೇ ಇಲ್ಲ. ಹಾಗಿದ್ದರೆ ನಿಮಗೆ ಅದು ಹೇಗೆ ಗೊತ್ತು?

ನಿಮಗೆ ಕಾರಣ ತಿಳಿದಿದೆ. ಮುಚ್ಚಿಡುತ್ತಿದ್ದೀರಿ.

ನ್ಯಾಯಕ್ಕಾಗಿ ನನ್ನ ಕಡೆಯದನ್ನೂ ಹೇಳಬೇಕು. ಅಡಿಭಾಗದಲ್ಲಿ ಮೈಕಿನ ದಾರಿಯಲ್ಲೇ ಒಂದು ದೊಡ್ಡ ಕೆಪಾಸಿಟರ್ ಇದೆ. ಅದರ ಎರಡು ತಂತಿಕಾಲುಗಳಲ್ಲಿ ಒಂದು ಬೆಸೆದಿದೆ. ಇನ್ನೊಂದು ಯಾವುದಕ್ಕೂ ಸೇರದೆ ನಿಂತಿದೆ. ನಾನು ಅದನ್ನು ಮೊದಲ ದಿನವೇ ಕಂಡೆ. ಮಗಳು ಬೆಸೆಯಲು ಮರೆತಳೆಂದು ನೀವು ತಿಳಿಯುತ್ತೀರಿ, ಬಳಗದಲ್ಲಿ ಮಾತಾಗುತ್ತದೆ ಎಂದು ಬರೆಯಲಿಲ್ಲ. ಅವಳು ಮರೆಯುವವಳಲ್ಲ. ಆ ಬಿಡಿ ಕಾಲಿಗೆ ಮೇಣದ ದಾರ ಸುತ್ತಿ, ಪಕ್ಕದ ಕಂಬಿಗೆ ಗಂಟು ಹಾಕಿದ್ದಾಳೆ. ಮರೆತವರು ಗಂಟು ಹಾಕುವುದಿಲ್ಲ.

ಈಗ ನಿಮ್ಮ ಸರದಿ.

ಮೂರನೆಯ ಸರದಿಯವಳ ತಂದೆ


ಏಪ್ರಿಲ್ ೧೮

ಅಣ್ಣಾ,

ಇನ್ನು ಪರೀಕ್ಷಕರೇ ಅನ್ನಲ್ಲ. ಸಿಕ್ಕಿಬಿದ್ದಮೇಲೆ ಮರ್ಯಾದೆ ಎಂಥದ್ದು.

ನಿಮ್ಮ ಧ್ವನಿ ನಮಗೆ ಎಂಟು ವರ್ಷದಿಂದ ಗೊತ್ತು. ಭಾನುವಾರ ಬೆಳಗ್ಗೆ ನೀವು ಹಾಲಿನಲ್ಲಿ ಕೂತು ಪೇಪರ್ ಗಟ್ಟಿಯಾಗಿ ಓದ್ತಿದ್ರಿ, ಓದ್ತಾ ಓದ್ತಾ ಅದರ ಸಂಪಾದಕನ ಜೊತೆ ವಾದಕ್ಕಿಳೀತಿದ್ರಿ. ಅದು ಗೋಡೆ ದಾಟಿ ಅವಳ ಮೈಕಿಗೆ ಬರ್ತಿತ್ತು. ಪೀಪಿ ನೀರಿನ ಪಂಪಿನ ಕಥೆ ಹೇಳ್ತಿದ್ದರೆ, ಹಿಂದೆ ನೀವು "ಇದು ತರ್ಕವೇ?" ಅಂತ ಗುಡುಗ್ತಿದ್ರಿ. ಲೈಟ್‌ಹೌಸಿನವರು "ಇವತ್ತು ಯಾರ ಚರ್ಮ ಸುಲೀತಿದ್ದಾರೆ?" ಅಂತ ಕೇಳೋರು. ನಗು ಒಂದು ಕಡೆ, ಆದರೆ ನಿಮ್ಮ ಗುಡುಗು ಅವಳ ಸಣ್ಣ ಧ್ವನಿಯನ್ನ ಪೂರ್ತಿ ನುಂಗಿಬಿಡ್ತಿತ್ತು. ಅವರಿಗೆ ಅವಳ ಮಾತು ಎರಡೆರಡು ಸಲ ಕೇಳಬೇಕಾಗ್ತಿತ್ತು.

ನಾನೇ ಅಂದೆ, "ಅಪ್ಪನಿಗೆ ಆ ಒಂದು ಗಂಟೆ ಮೆಲ್ಲಗೆ ಓದಿ ಅಂತ ಹೇಳೇ."

ಅವಳಂದಳು, "ಅಯ್ಯೋ ಅತ್ತೆ, ವಾರದಲ್ಲಿ ಅಪ್ಪ ಖುಷಿಯಾಗಿರೋದೇ ಆ ಹೊತ್ತಿನಲ್ಲಿ. ಅಪ್ಪನ ಬಾಯಿ ಮುಚ್ಚಿಸೋಕಾಗಲ್ಲ. ಈ ಯಂತ್ರದ ಕಿವಿನೇ ಚಿಕ್ಕದು ಮಾಡ್ತೀನಿ."

ದಪ್ಪ ಧ್ವನಿ ದಾಟೋದಕ್ಕೆ ಆ ದೊಡ್ಡ ಕೆಪಾಸಿಟರ್ ಬೇಕು. ಅದರ ಒಂದು ಕಾಲು ಬಿಚ್ಚಿದಳು. ಪಕ್ಕದ ಚಿಕ್ಕದು ಒಂದೇ ಉಳೀತು, ಅದರಲ್ಲಿ ತೆಳು ಧ್ವನಿ ಮಾತ್ರ ನುಸುಳುತ್ತೆ. ಅದಕ್ಕೇ ಅಮ್ಮನವರದು ಹೋಯ್ತು, ನಿಮ್ಮದು ಹೋಗಲಿಲ್ಲ. ಹೋಗಲಿಲ್ಲ ಅಂತ ನೀವು ಕೂಗಿದ್ರಿ. ಕೂಗಿದ್ದಕ್ಕೆ ಯಂತ್ರ ತಡೆಯಲಾರದೆ ಕುಸೀತು.

ವಾಲ್ವ್ ಅಂತ ನಾನು ಹೇಳಿದ್ದು ನಿಜವಾಗಿ ನಂಬಿಯೇ. ಅಮ್ಮನವರು ಊಟಕ್ಕೆ ಕರೆದ ವಿಷಯ ಓದಿದಾಗ ಇದು ನೆನಪಾಯ್ತು. ಹೇಳೋಕೆ ಬಾಯಿ ಬರಲಿಲ್ಲ. ಮಗಳ ಯಂತ್ರದಲ್ಲಿ ಮಾತಾಡಬೇಕು ಅಂತ ಈ ವಯಸ್ಸಲ್ಲಿ ಪರೀಕ್ಷೆ ಬರೆದವರಿಗೆ, 'ಅದನ್ನ ನಿಮ್ಮ ಮಾತು ಹೋಗದ ಹಾಗೇ ಕಟ್ಟಿದಾಳೆ' ಅಂತ ಹೇಗೆ ಬರೀಲಿ?

ಅತ್ತೆ


ಏಪ್ರಿಲ್ ೨೧

ಸಂಚಾಲಕಿಯವರಿಗೆ,

ಪತ್ರ ತಲುಪಿತು. ಕಾರಣ ಸ್ಪಷ್ಟವಾಗಿದೆ. ಯಂತ್ರದಲ್ಲಿ ದೋಷವಿಲ್ಲ; ಅದು ಉದ್ದೇಶಿಸಿದಂತೆಯೇ ಕೆಲಸ ಮಾಡುತ್ತಿದೆ.

ನನ್ನ ಮಗಳು ವಿಚಾರಮಾಡಿ ಕೊಟ್ಟ ತೀರ್ಪನ್ನು ಅವಳು ಇಲ್ಲದಾಗ ನಾನು ತಿದ್ದುವುದು ನ್ಯಾಯವಲ್ಲ. ಮೇಲ್ಮನವಿಯಿಲ್ಲದೆ ಒಪ್ಪುತ್ತೇನೆ. ಮೂರನೆಯ ಸರದಿಯನ್ನು ಮುಚ್ಚಬಹುದು. ಯಂತ್ರಕ್ಕೆ ಬಟ್ಟೆ ಹೊದಿಸಿದ್ದೇನೆ.


ಏಪ್ರಿಲ್ ೨೩

ಸಂಚಾಲಕಿಯವರಿಗೆ,

ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನನ್ನ ಹಿಂದಿನ ಪತ್ರವನ್ನು ರದ್ದೆಂದು ಪರಿಗಣಿಸತಕ್ಕದ್ದು.

ನಿನ್ನೆ ಬೆಳಗ್ಗೆ ನಿಮ್ಮ ಪತ್ರವನ್ನು ಪತ್ನಿಗೆ ಓದಿಹೇಳಿದೆ, ನನ್ನ ಉತ್ತರದ ಪ್ರತಿಯನ್ನೂ. ಅವಳು ಬಟ್ಟೆ ಮಡಿಸುತ್ತಿದ್ದಳು. ಪೂರ್ತಿ ಕೇಳಿ, "ತೀರ್ಪು ಅಂತೀರಾ? ತೀರ್ಪಾಗಿದ್ದರೆ ಕಿತ್ತು ಬಿಸಾಕ್ತಿದ್ದಳು. ಒಂದು ಕಾಲು ಹಾಗೇ ಬಿಟ್ಟು, ಇನ್ನೊಂದಕ್ಕೆ ದಾರ ಕಟ್ಟಿ ಯಾಕೆ ಇಟ್ಟಳು?" ಎಂದಳು.

ಅದು ಕೆಲಸದ ಪದ್ಧತಿ ಇರಬಹುದು ಎಂದೆ.

"ಇರಲಿ. ಮತ್ತೆ ಬೇಕಾಗಬಹುದು ಅನ್ನೋರಿಗೆ ತಾನೆ ಆ ಪದ್ಧತಿ? ನೀವು ಓದೋ ಹೊತ್ತಿಗೆ ಅದನ್ನ ಬಿಚ್ಚಿದ್ದಳು. ನೀವು ಓದೋದನ್ನ ನಿಲ್ಲಿಸಿ ವರ್ಷ ಆಯ್ತು. ಈ ಮನೇಲಿ ಈಗ ಯಾರ ಧ್ವನಿ ಯಾರಿಗೆ ಅಡ್ಡ ಬರುತ್ತೆ ಹೇಳಿ?"

ಅಂತರ ಕಾಲೇಜು ಸ್ಪರ್ಧೆಗಳಲ್ಲಿ ನಾಲ್ಕು ವರ್ಷ ಮೊದಲ ಸ್ಥಾನ ಬಿಟ್ಟುಕೊಡದವನು ನಾನು. ನಿನ್ನೆ ಬಿಟ್ಟುಕೊಟ್ಟೆ.

ಅವಳೇ ಮುಂದಾಗಿ ಕೋಣೆಗೆ ಹೋಗಿ, ಯಂತ್ರಕ್ಕೆ ಹೊದಿಸಿದ ಬಟ್ಟೆ ತೆಗೆದು, ಅದನ್ನೂ ಮಡಿಸಿಟ್ಟಳು. ನಾನು ಪ್ಲಗ್ ಕಿತ್ತು, ಕಡ್ಡಿ ಮುಟ್ಟಿಸಿದೆ. ಅವಳು ಟಾರ್ಚ್ ಹಿಡಿದಳು. ಮಗಳು ಹಾಕಿದ ಗಂಟನ್ನು ಕತ್ತರಿಸಲು ಬಿಡಲಿಲ್ಲ, ಉಗುರಿನಿಂದ ಬಿಚ್ಚಿದಳು. ಮೇಣ ಒಣಗಿ ಗಟ್ಟಿಯಾಗಿದ್ದರಿಂದ ಅದಕ್ಕೆ ಬಹಳ ಹೊತ್ತು ಹಿಡಿಯಿತು. ಬಿಡಿ ಕಾಲು ಅದರ ಹಳೆಯ ಜಾಗಕ್ಕೆ ಸರಿಯಾಗಿ ಮುಟ್ಟುವಷ್ಟೇ ಉದ್ದವಿತ್ತು. ಬೆಸೆದೆ. ಒಂದೇ ಬೆಸುಗೆ. ಮಗಳ ಬೆಸುಗೆಗಳಷ್ಟು ಚೆನ್ನಾಗಿಲ್ಲ, ಪ್ರಾಮಾಣಿಕವಾಗಿದೆ.

ಬಲ್ಬು ಕಟ್ಟಿ, ಕುರ್ಚಿಯಲ್ಲಿ ಕೂತು, ಸಾಧಾರಣ ಧ್ವನಿಯಲ್ಲಿ ಮಾತನಾಡಿದೆ. ಬೆಳಗಿತು. ಅಭ್ಯಾಸಬಲದಿಂದ ಎದ್ದು ನಿಂತು ಧ್ವನಿ ಏರಿಸಿದೆ, ಮಂಕಾಯಿತು. ಕೂತುಕೊಂಡೆ. ಮೈಕು ಒಂದು ಗೇಣು ದೂರದಲ್ಲಿದ್ದಾಗ ಕೊನೆಯ ಬೆಂಚು ಅಲ್ಲೇ ಇದೆ ಎಂದು ಒಪ್ಪಬೇಕಾಯಿತು.

ಮಗಳು ಹಾಕಿದ ಯಾವ ಭಾಗವನ್ನೂ ನಾನು ತೆಗೆದಿಲ್ಲ ಎಂಬುದು ದಾಖಲೆಯಲ್ಲಿರಲಿ.

ಭಾನುವಾರ ನನ್ನನ್ನು ಕರೆಯಿರಿ.

ಮೂರನೆಯ ಸರದಿ


ಏಪ್ರಿಲ್ ಕೊನೆಯ ಭಾನುವಾರ, ಮಧ್ಯಾಹ್ನ

ಅಣ್ಣಾ,

ಹಾಜರಿ ಮುಗಿದ ತಕ್ಷಣ ಬರೀತಿದ್ದೀನಿ, ಅವಸರದಲ್ಲಿ. ಅದಕ್ಕೇ ಅಕ್ಷರ ಹೀಗಿದೆ.

ಎರಡನೆಯವರು ಮುಗಿಸಿದರು. ನಾನು ಮೂರು ಅಂದೆ. ಮೊದಲು ಲಾರಿ ಬಂತು, ಅದೇ ಹಳೇ ಗುಂಯ್‌ಗುಡೋ ಸದ್ದು, ಅದನ್ನ ಎಲ್ಲಿದ್ದರೂ ಗುರುತಿಸ್ತೀನಿ. ಆಮೇಲೆ ನೀವು. "ನಮಸ್ಕಾರ. ಪೀಪಿಯ ಅಪ್ಪ ಮಾತಾಡುತ್ತಿದ್ದೇನೆ." ನೀವು ಆ ಹೆಸರು ಹೇಳ್ತೀರಿ ಅಂತ ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ನಿಯಮದ ಪ್ರಕಾರ ಲೈಟ್‌ಹೌಸಿನವರನ್ನ ಕೇಳಿದೆ, ಅರ್ಥ ಆಯ್ತೇ ಅಂತ.  ಅವರು, "ಆ ಧ್ವನಿ ನನಗೆ ಎರಡನೇ ಸಲ ಕೇಳಬೇಕಾದ್ದಿಲ್ಲ, ಅತ್ತೆ. ಬರೆದುಕೊಳ್ಳಿ" ಅಂದರು. ಬರೆದುಕೊಂಡೆ. ಮೂರನೆಯ ಸರದಿ ಹಾಜರ್.

ಇನ್ನೊಂದು ವಿಷಯ, ಮುಚ್ಚಿಡಲ್ಲ, ಒಂದು ಸಲ ಸಿಕ್ಕಿಬಿದ್ದದ್ದು ಸಾಕು. ನೀವು ಮುಗಿಸಿ ಸ್ವಿಚ್ ಬಿಡೋ ಮೊದಲು, ಹಿಂದೆ ಯಾರೋ "ಇಷ್ಟೇನಾ? ಇನ್ನೊಂದೆರಡು ಮಾತಾಡಿ, ಅವರೆಲ್ಲ ಕಾಯ್ತಿದ್ದಾರಲ್ಲ" ಅಂದದ್ದು ಅಷ್ಟೂ ಜನರಿಗೆ ಕೇಳಿಸಿತು. ನಿಮ್ಮದಕ್ಕಿಂತ ಅದೇ ಚೆನ್ನಾಗಿ ಬಂತು ಅಂತ ಗಡಿಯಾರದವರ ಅಳಿಯನ ರಿಪೋರ್ಟು.

ಅತ್ತೆ


ಮೇ ೩

ತಂಗಿ,

ನಿನ್ನ ವರದಿ ತಲುಪಿತು. ಹಾಜರಿ ದಾಖಲಾದದ್ದು ಸರಿಯಷ್ಟೆ. ಮುಂದಿನ ಭಾನುವಾರವೂ ಅದೇ ಹೊತ್ತಿಗೆ ಸಿದ್ಧವಿರುತ್ತೇನೆ. ಪತ್ರಿಕೆಯನ್ನು ಹಾಜರಿ ಮುಗಿದ ಮೇಲೆ ಓದುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಗಟ್ಟಿಯಾಗಿಯೇ.

ಹಿನ್ನೆಲೆಯಲ್ಲಿ ಕೇಳಿಸಿದ ಧ್ವನಿಯ ವಿಷಯ. ಅದರ ಮೂಲವನ್ನು ಪತ್ತೆಹಚ್ಚಿದ್ದೇನೆ. ಅದು ಈಗ ಆ ಕೋಣೆಯಲ್ಲಿ ನನ್ನ ಪಕ್ಕದಲ್ಲಿಯೇ ಕುರ್ಚಿ ಹಾಕಿಕೊಂಡು ಕೂರುತ್ತದೆ. ಮುಂದೆಯೂ ಪ್ರಸಾರದ ನಡುವೆ ಬರುವ ಸಂಭವವಿದೆ. ಬಳಗದ ಯಾರಿಗಾದರೂ ಅದರ ಬಗ್ಗೆ ದೂರು ಇದ್ದರೆ ಲಿಖಿತವಾಗಿ ಕಳಿಸಲಿ.

ಕ್ರಮ ಕೈಗೊಳ್ಳುವ ಉದ್ದೇಶ ನನಗಿಲ್ಲ.

ಅಣ್ಣ